ತೀರಿಕೊಂಡವರ ಪಾಸ್‌ವರ್ಡ್

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಮೊದಲ ದೂರು ಕಳೆದುಹೋದ ಸೈಕಲ್ಲಿನದು. ಎರಡನೆಯ ದೂರು ತಂದವರು ನಿವೃತ್ತ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ರಟ್ಟಿನ ಫೈಲು. ದೂರು ಬರೆದುಕೊಳ್ಳುವ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಕುರ್ಚಿ ತೋರಿಸಿದರು. ಮೇಷ್ಟ್ರು ಕೂರಲಿಲ್ಲ.

"ನನ್ನ ಹೆಂಡತಿ ತೀರಿಕೊಂಡು ಒಂದು ವರ್ಷ ಆಗ್ತಾ ಬಂತು. ಹೋದ ವಾರ ಅವಳ ಹೆಸರಲ್ಲಿ ಯಾರೋ ಲೇಖನ ಹಾಕಿದಾರೆ. ಹಾಕಿದ್ದಷ್ಟೇ ಅಲ್ಲ, ತಿದ್ದಿದಾರೆ."

ಈ ಹೆಡ್ ಕಾನ್‌ಸ್ಟೇಬಲ್ಲನ್ನು ಠಾಣೆಯಲ್ಲಿ ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಓಡುವ ಕಳ್ಳನ ಹಿಂದೆಯೂ ಅವರು ನಡೆದೇ ಹೋಗುತ್ತಾರೆ ಎಂಬುದು ಜೊತೆಯವರ ತಮಾಷೆ. ಕಳ್ಳ ಸುಸ್ತಾಗಿ ಕೂರುವ ಹೊತ್ತಿಗೆ ನಾನು ತಲುಪಿರ್ತೀನಿ ಎಂಬುದು ಅವರ ಉತ್ತರ. ನಿಧಾನಪ್ಪ ಪೆನ್ನು ಕೆಳಗಿಟ್ಟು ಮೇಷ್ಟ್ರನ್ನು ಇನ್‌ಸ್ಪೆಕ್ಟರ್ ಕೋಣೆಗೆ ಕರೆದುಕೊಂಡು ಹೋದರು.

ಇನ್‌ಸ್ಪೆಕ್ಟರ್ ಮೇಡಂ ಹೊಡೆದಾಟ, ಕಳವು, ವಾಹನ ಅಪಘಾತಗಳಲ್ಲಿ ನುರಿತವರು. ಜರ್ನಲ್ ಎಂಬ ಮಾತು ಕಿವಿಗೆ ಬಿದ್ದಾಗ ಇದು ಯಾರೋ ಪತ್ರಕರ್ತರ ಜಗಳವಿರಬೇಕು ಎಂದುಕೊಂಡರು. ಮೇಷ್ಟ್ರು ಸಾವಧಾನವಾಗಿ, ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. ಅವರ ಹೆಂಡತಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಡಾಕ್ಟರಾಗಿದ್ದರು. ಕಣಜದ ಹುಳುಗಳು ಗುಂಪಾಗಿ ಕಚ್ಚಿದಾಗ ಕೆಲವರ ಮೂತ್ರಪಿಂಡ ಕೆಟ್ಟುಹೋಗುತ್ತದೆ. ಅಂಥವರನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದರ ಮೇಲೆ ಆಕೆ ವರ್ಷಗಟ್ಟಲೆ ಕೆಲಸ ಮಾಡಿ ಲೇಖನ ಬರೆದಿದ್ದರು. ಆಕೆ ಹೋದ ಮೇಲೆ ಆಕೆಯ ಈಮೇಲ್ ತೆರೆದು ನೋಡುವ ಧೈರ್ಯ ಮೇಷ್ಟ್ರಿಗೆ ಬಂದದ್ದೇ ಮೊನ್ನೆ ಶನಿವಾರ. ತೆರೆದರೆ ಮೊದಲಿಗೇ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಒಂದು ಮೇಲ್. 'ನಿಮ್ಮ ಲೇಖನ ತಲುಪಿದೆ, ಧನ್ಯವಾದಗಳು' ಎಂದಿತ್ತು. ಅಂಥವೇ ಇನ್ನೂ ಎರಡು, ಎರಡೂ ಆಕೆ ತೀರಿಕೊಂಡ ನಂತರದವು.

ಮೇಷ್ಟ್ರು ಫೈಲಿನಿಂದ ಎರಡು ಹಾಳೆ ತೆಗೆದು ಪಕ್ಕಪಕ್ಕ ಇಟ್ಟರು. ಒಂದು ಹೆಂಡತಿಯ ಹಸ್ತಪ್ರತಿಯ ನಕಲು. ಆಕೆ ಬರೆದ ಪ್ರತಿಯೊಂದು ಕೋಷ್ಟಕದ ಅಂಕಿಗಳನ್ನೂ ಮೇಷ್ಟ್ರೇ ಪರಿಶೀಲಿಸಿ ಕೊಡುತ್ತಿದ್ದರು. ಹಾಳೆಯ ತುಂಬ ಅವರ ಕೆಂಪು ಗುರುತುಗಳಿದ್ದವು. ಇನ್ನೊಂದು, ಈಗ ಯಾರೋ ಹಾಕಿರುವ ಪ್ರತಿ. ಮಕ್ಕಳಿಗೆ ಗಂಟೆಗೆ ಎಷ್ಟು ದ್ರವ ಏರಿಸಬೇಕು ಎಂಬ ಸಾಲಿನಲ್ಲಿ ದಶಮಾಂಶದ ಚುಕ್ಕೆ ಒಂದು ಮನೆ ಸರಿದಿತ್ತು.

"ಇದನ್ನ ನೋಡ್ಕೊಂಡು ಯಾರಾದ್ರೂ ಡಾಕ್ಟರು ಮಗುಗೆ ದ್ರವ ಏರಿಸಿದ್ರೆ?" ಎಂದರು ಮೇಷ್ಟ್ರು. "ಅವಳ ಹೆಸರಲ್ಲಿ ಒಂದು ಮಗು ಸಾಯಬಾರದು."

ಆಗ ಅವರು ಕುರ್ಚಿಯಲ್ಲಿ ಕೂತರು. ನಿಧಾನಪ್ಪ ನೀರು ತಂದಿಟ್ಟರು.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ ವ್ಯಕ್ತಿ. ಆರೋಪ: ಮೃತರ ಗುರುತು ಮತ್ತು ಪಾಸ್‌ವರ್ಡನ್ನು ಅನುಮತಿಯಿಲ್ಲದೆ ಬಳಸಿದ್ದು, ದಾಖಲೆ ತಿದ್ದಿದ್ದು. ಮಧ್ಯಾಹ್ನ ಊಟ ಮುಗಿಸಿ ಇನ್‌ಸ್ಪೆಕ್ಟರ್, ನಿಧಾನಪ್ಪ ಮತ್ತು ಕಂಪ್ಯೂಟರ್ ತಿಳಿದಿದ್ದ ಮಹಿಳಾ ಕಾನ್‌ಸ್ಟೇಬಲ್, ಮೂವರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರು.

ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಫ್ಯಾನಿನ ಸದ್ದಿನ ನಡುವೆ, ಲೇಖನ ಭಂಡಾರ ನೋಡಿಕೊಳ್ಳುವ ಗ್ರಂಥಪಾಲಕಿ ಕೂತಿದ್ದರು. ಇನ್‌ಸ್ಪೆಕ್ಟರ್ ತಮಗೆ ಈ ವಿಷಯದಲ್ಲಿ ಓನಾಮವೂ ಗೊತ್ತಿಲ್ಲ, ಮೊದಲಿಂದ ಹೇಳಿ ಎಂದರು. ಸಂಶೋಧಕರು ಲೇಖನ ಬರೆದು ಜರ್ನಲ್ಲಿಗೆ ಕಳಿಸುತ್ತಾರೆ. ಜರ್ನಲ್ಲಿನವರು ಅದನ್ನು ಬಲ್ಲವರಿಗೆ ಕೊಟ್ಟು ಪರೀಕ್ಷೆ ಮಾಡಿಸಿ, ತಿದ್ದಿ, ಅಚ್ಚುಕಟ್ಟು ಮಾಡಿ ಪ್ರಕಟಿಸುತ್ತಾರೆ. ಚಂದಾ ಕಟ್ಟಿದವರು ಮಾತ್ರ ಅದನ್ನು ಓದಬಹುದು. ಆದರೆ ಪ್ರಕಟವಾಗಿ ಒಂದು ವರ್ಷ ಕಳೆದ ಮೇಲೆ ಲೇಖಕರು ತಮ್ಮ ಕೊನೆಯ ಹಸ್ತಪ್ರತಿಯನ್ನು ಈ ಭಂಡಾರದಲ್ಲಿ ಇಡಬಹುದು. ಆಗ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅಚ್ಚಾದ ಪುಟಗಳನ್ನು ಇಡುವಂತಿಲ್ಲ, ಅವು ಜರ್ನಲ್ಲಿನ ಸ್ವತ್ತು.

"ಯಾರು ಇಡಬಹುದು?"

"ಲೇಖಕರು. ತೀರಿಕೊಂಡಿದ್ರೆ ವಾರಸುದಾರರು ಬರೆದುಕೊಡಬೇಕು."

"ಬರೆದುಕೊಟ್ಟಿದಾರಾ?"

"ಇಲ್ಲ ಮೇಡಂ. ಡಾಕ್ಟರು ಹೋಗಿದ್ದು ನಮಗೆ ಗೊತ್ತಿತ್ತು. ಅವರ ಖಾತೆ ಮುಚ್ಚೋಕೆ ಮನಸ್ಸು ಬರಲಿಲ್ಲ. ಅದು ನಮ್ಮ ತಪ್ಪೇ."

ದೂರಿನ ಸುದ್ದಿ ತಿಳಿದ ಕೂಡಲೇ ಆಕೆ ಆ ಮೂರೂ ಲೇಖನಗಳನ್ನು ಭಂಡಾರದಿಂದ ಕೆಳಗಿಳಿಸಿದ್ದರು. ಅವುಗಳ ಪ್ರತಿಯನ್ನೂ, ಯಾವ ಇಂಟರ್‌ನೆಟ್ ಸಂಪರ್ಕದಿಂದ ಹಾಕಿದರು ಎಂಬ ವಿವರವನ್ನೂ ಕಾನ್‌ಸ್ಟೇಬಲ್ ಪೆನ್‌ಡ್ರೈವಿಗೆ ಇಳಿಸಿಕೊಂಡು ಪಂಚನಾಮೆಗೆ ಸೇರಿಸಿದಳು. ಹಾಗೆ ನೋಡುವಾಗ ಅವಳಿಗೆ ಒಂದು ವಿಚಿತ್ರ ಕಂಡಿತು. ಹಾಕಿದವನು ಯಾರೇ ಇರಲಿ, ಒಂದು ವರ್ಷದ ಗಡುವು ಮುಗಿಯುವ ತನಕ ಕಾದು, ಮುಗಿದ ಮಾರನೆಯ ದಿನವೇ ಹಾಕಿದ್ದ. ಅಚ್ಚಾದ ಪುಟದ ತಂಟೆಗೆ ಹೋಗಿರಲಿಲ್ಲ. ಪ್ರತಿ ಲೇಖನದ ಕೆಳಗೂ, ದಯವಿಟ್ಟು ಜರ್ನಲ್ಲಿನ ಪ್ರತಿಯನ್ನೇ ಉಲ್ಲೇಖಿಸಿ ಎಂದು ಬರೆದು ಜರ್ನಲ್ಲಿನ ಕೊಂಡಿ ಕೊಟ್ಟಿದ್ದ.

"ಕಳ್ಳ ಬೀಗ ಒಡೆದು ಒಳಗೆ ಬಂದು ಕಸ ಗುಡಿಸಿ ಹೋದ ಹಾಗಿದೆ," ಎಂದರು ನಿಧಾನಪ್ಪ.

ಗ್ರಂಥಪಾಲಕಿ ನಗಲಿಲ್ಲ. ಇಷ್ಟು ನಿಯಮ ಪಾಲಿಸುವ ಲೇಖಕರನ್ನು ತಾನು ಈವರೆಗೆ ಕಂಡಿಲ್ಲ ಎಂದರು.

ಸಂಪರ್ಕದ ವಿಳಾಸ ಪೇಟೆಯ ಒಂದು ಜೆರಾಕ್ಸ್ ಅಂಗಡಿಯದು. ಮಂಗಳವಾರ ಅಲ್ಲಿಗೆ ಹೋದಾಗ ಮಾಲೀಕ ಎರಡು ಯಂತ್ರಗಳ ನಡುವೆ ಸಿಕ್ಕಿಕೊಂಡು ಯಾರದೋ ಮನೆಪತ್ರ ನಕಲು ಮಾಡುತ್ತಿದ್ದ. ಗೋಡೆಗೆ ಆತುಕೊಂಡು ಬಾಡಿಗೆಗೆ ಕೊಡುವ ನಾಲ್ಕು ಕಂಪ್ಯೂಟರ್. ಪೊಲೀಸರನ್ನು ಕಂಡು ಮಾಲೀಕನ ಮುಖ ಸಣ್ಣದಾಯಿತು. ಕಂಪ್ಯೂಟರ್ ಎತ್ತಿಕೊಂಡು ಹೋದರೆ ಹೊಟ್ಟೆ ಮೇಲೆ ಹೊಡೆದಂತೆ ಎಂದು ಗೋಗರೆದ. ಇನ್‌ಸ್ಪೆಕ್ಟರ್ ಎತ್ತಿಕೊಂಡು ಹೋಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು ಎಂದರು. ಹೋದ ವಾರ ಬುಧವಾರ ಮಧ್ಯಾಹ್ನ ಯಾರು ಬಂದಿದ್ದರು ಎಂಬುದಕ್ಕೆ ಅವನು ತಲೆ ಕೆರೆದುಕೊಂಡ. ದಿನಕ್ಕೆ ನೂರು ಜನ ಬರುತ್ತಾರೆ, ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ ಎಂದ.

"ಬೇರೆಯವರ ಥರ ಅಲ್ಲದೆ ಇರೋರು ಯಾರಾದ್ರೂ?" ಎಂದು ಕೇಳಿದಳು ಕಾನ್‌ಸ್ಟೇಬಲ್.

"ಒಬ್ಬರು ಇದಾರೆ. ನಾವು ಒರೆಸೋ ಸಾರ್ ಅಂತೀವಿ. ಬರ್ತಾರೆ, ಜೇಬಿಂದ ಬಟ್ಟೆ ತೆಗೆದು ಕೀಬೋರ್ಡ್ ಒಂದೊಂದೇ ಅಕ್ಷರ ಒರೆಸ್ತಾರೆ, ಆಮೇಲೆ ಕೂರೋದು. ವರ್ಷದಲ್ಲಿ ಎರಡು ಮೂರು ಸಲ ಬಂದಿದಾರೆ."

ಹೆಸರಾಗಲಿ ಮನೆಯಾಗಲಿ ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯವರಿಬ್ಬರನ್ನು ಪಂಚರನ್ನಾಗಿ ಮಾಡಿಕೊಂಡು ಅಲ್ಲೇ ಪಂಚನಾಮೆ ಬರೆದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ಬೇರೆ ಚಿಂತೆ ಹತ್ತಿತ್ತು. ಕಳ್ಳನನ್ನು ಹಿಡಿಯುವ ಮೊದಲು ಆ ತಿದ್ದಿದ ಅಂಕಿ ಎಷ್ಟು ಅಪಾಯದ್ದು ಎಂದು ತಿಳಿಯಬೇಕಿತ್ತು. ಸಂಜೆ ನಾಲ್ಕಕ್ಕೆ ಅವರು ಆ ಎರಡೂ ಹಾಳೆ ಹಿಡಿದು, ಮೃತ ಡಾಕ್ಟರ ಜೊತೆ ಕೆಲಸ ಮಾಡಿದ್ದ ಹಿರಿಯ ಮೂತ್ರಪಿಂಡ ತಜ್ಞರ ಮುಂದೆ ಕೂತರು. ತಜ್ಞರು ಕನ್ನಡಕ ಏರಿಸಿ ಇಳಿಸಿ ನೋಡಿದರು. ಎದ್ದು ಕಪಾಟಿನಿಂದ ಜರ್ನಲ್ಲಿನ ಅಚ್ಚಾದ ಸಂಚಿಕೆ ತೆಗೆದು ಅದೇ ಪುಟ ಬಿಡಿಸಿದರು.

"ತಿದ್ದಿರೋದೇ ಸರಿ. ಅಚ್ಚಲ್ಲೂ ಹೀಗೇ ಇದೆ. ಹಸ್ತಪ್ರತಿಯಲ್ಲಿರೋದು ತಪ್ಪು. ಅದನ್ನ ನೋಡಿ ಮಗುಗೆ ಕೊಟ್ಟಿದ್ರೆ ಕಷ್ಟ ಇತ್ತು."

"ಖಂಡಿತವಾಗ್ಲೂ?"

"ನಾನು ದಿನಾ ಏರಿಸೋ ದ್ರವ ಅಮ್ಮ ಇದು."

ಅಂದರೆ ಮೇಷ್ಟ್ರ ಕೆಂಪು ಗುರುತು ಬಿದ್ದಿದ್ದ ಅಂಕಿಯೇ ತಪ್ಪು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಗ್ರಂಥಪಾಲಕಿಯ ಫೋನು ಬಂತು. ದೂರದ ಸಣ್ಣ ಊರಿನ ಆಸ್ಪತ್ರೆಯ ವೈದ್ಯೆಯೊಬ್ಬಳು ಗ್ರಂಥಾಲಯಕ್ಕೆ ಕರೆ ಮಾಡಿದ್ದಾಳೆ. ಕಣಜ ಕಚ್ಚಿದ ಒಬ್ಬ ಹುಡುಗಿಯನ್ನು ಈಗಷ್ಟೇ ತಂದಿದ್ದಾರಂತೆ, ಮಕ್ಕಳ ಲೆಕ್ಕವಿರುವ ಲೇಖನ ಹೋದ ವಾರ ಇತ್ತು, ಈಗ ಕಾಣುತ್ತಿಲ್ಲ, ಏನಾಯಿತು ಎಂದು ಕೇಳುತ್ತಿದ್ದಾಳೆ. ಆ ಆಸ್ಪತ್ರೆಗೆ ಜರ್ನಲ್ಲಿನ ಚಂದಾ ಕಟ್ಟುವ ತ್ರಾಣವಿಲ್ಲ.

"ವಾಪಸ್ ಹಾಕಿ," ಎಂದರು ಇನ್‌ಸ್ಪೆಕ್ಟರ್.

"ಕೇಸಿಗೆ ಸಾಕ್ಷ್ಯ ಅಲ್ವಾ ಮೇಡಂ ಅದು?"

"ಸಾಕ್ಷ್ಯದ ಪ್ರತಿ ನಮ್ಮ ಹತ್ರ ಇದೆ. ಲೇಖನ ಅಲ್ಲಿರ್ಲಿ. ಈಗಲೇ ಹಾಕಿ, ಹಾಕಿದ ಮೇಲೆ ಆ ಡಾಕ್ಟರಿಗೆ ನೀವೇ ಫೋನ್ ಮಾಡಿ ಹೇಳಿ."

ಠಾಣೆಗೆ ಹಿಂತಿರುಗುವಾಗ ಜೀಪಿನಲ್ಲಿ ಮೂವರೂ ಇದನ್ನೇ ಮಾತಾಡಿಕೊಂಡರು. ಹಸ್ತಪ್ರತಿಯಲ್ಲಿ ತಪ್ಪಿತ್ತು, ಅಚ್ಚಿನಲ್ಲಿ ಸರಿಯಾಗಿತ್ತು. ನಡುವೆ ಎಲ್ಲೋ ಯಾರೋ ತಿದ್ದಿದ್ದಾರೆ. ಆ ಕೊನೆಯ ಹಸ್ತಪ್ರತಿ ಇದ್ದದ್ದು ಎರಡೇ ಕಡೆ: ಮೃತ ಡಾಕ್ಟರ ಮನೆಯಲ್ಲಿ, ಮತ್ತು ಜರ್ನಲ್ಲಿನ ಕಚೇರಿಯಲ್ಲಿ. ಮನೆಯಲ್ಲಿ ಮೇಷ್ಟ್ರನ್ನು ಬಿಟ್ಟು ಇನ್ನೊಬ್ಬರಿಲ್ಲ.

"ಜರ್ನಲ್ಲಿನವರೇ ಪುಕ್ಕಟೆ ಹಂಚ್ತಾರಾ ಮೇಡಂ? ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡ ಹಾಗಲ್ವಾ?" ಎಂದಳು ಕಾನ್‌ಸ್ಟೇಬಲ್.

ಬುಧವಾರ ಹತ್ತೂವರೆಗೆ ಅವರು ಜರ್ನಲ್ಲಿನ ಕಚೇರಿ ಹುಡುಕಿಕೊಂಡು ಹೋದರು. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ. ಜೆರಾಕ್ಸ್ ಅಂಗಡಿಯಿಂದ ಕೂಗಳತೆ. ವೈದ್ಯರ ಸಂಘವೊಂದು ನಡೆಸುತ್ತಿದ್ದ ಪತ್ರಿಕೆ ಅದು. ವಯಸ್ಸಾದ ಪ್ರಧಾನ ಸಂಪಾದಕರು, ಚಂದಾ ನೋಡಿಕೊಳ್ಳುವ ಒಬ್ಬ ಹೆಂಗಸು, ಕರಡು ತಿದ್ದುವವರು ಒಬ್ಬರು. ಅಲ್ಲಿಗೆ ಕಚೇರಿ ಮುಗಿಯಿತು.

ವಿಷಯ ಕೇಳಿ ಸಂಪಾದಕರಿಗೆ ಮೊದಲು ಸಿಟ್ಟು ಬಂತು. ಪುಕ್ಕಟೆ ಸಿಗುವಾಗ ಚಂದಾ ಯಾರು ಕಟ್ಟುತ್ತಾರೆ, ಪರೀಕ್ಷೆ ಮಾಡಿಸುವುದು, ತಿದ್ದುವುದು ಗಾಳಿಯಲ್ಲಿ ಆಗುತ್ತದೆಯೇ ಎಂದು ಅವರು ಇನ್‌ಸ್ಪೆಕ್ಟರನ್ನೇ ಆರೋಪಿಯಂತೆ ತರಾಟೆಗೆ ತೆಗೆದುಕೊಂಡರು. ಗಡುವು ಮುಗಿದ ಮೇಲೆಯೇ ಹಾಕಿದ್ದಾರೆ, ನಿಮ್ಮ ಪತ್ರಿಕೆಯ ಕೊಂಡಿಯನ್ನೂ ಕೊಟ್ಟಿದ್ದಾರೆ ಎಂದು ತಿಳಿದ ಮೇಲೆ ಸ್ವರ ಇಳಿಸಿದರು. ಚಂದಾ ನೋಡಿಕೊಳ್ಳುವ ಹೆಂಗಸು, ಈಚೆಗೆ ಆ ಭಂಡಾರದ ಕಡೆಯಿಂದಲೇ ನಮ್ಮ ಪುಟಕ್ಕೆ ಬರುವವರು ಹೆಚ್ಚಾಗಿದ್ದಾರೆ, ಎರಡು ಕಾಲೇಜು ಹಾಗೆ ಬಂದು ಚಂದಾ ಕಟ್ಟಿವೆ ಎಂದು ಮೆಲ್ಲಗೆ ಹೇಳಿದಳು. ಸಂಪಾದಕರು ಅವಳನ್ನು ಗುರಾಯಿಸಿ ನೋಡಿದರು.

ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕರಡು ತಿದ್ದುವವರು ಕೂತಿದ್ದರು. ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಪೊಲೀಸರು ಬಂದದ್ದು ಕೇಳಿಸಿದ್ದರೂ ಎದ್ದು ಬಂದಿರಲಿಲ್ಲ. ಮಡಿಸಿದ ಬಟ್ಟೆಯಿಂದ ಕೀಬೋರ್ಡಿನ ಅಂಚು ಒರೆಸುತ್ತಿದ್ದರು. ಕಾನ್‌ಸ್ಟೇಬಲ್ ನಿಧಾನಪ್ಪನವರ ಕಡೆ ನೋಡಿದಳು.

ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ಎಳೆದುಕೊಂಡರು.

"ಲೇಖನ ಹಾಕಿದ್ದು ನೀವಾ?"

"ನಾನೇ."

"ಮೂರೂ?"

"ಮೂರೂ. ಸಂಪಾದಕರಿಗೆ ಗೊತ್ತಿಲ್ಲ. ಇಲ್ಲಿನ ಕಂಪ್ಯೂಟರ್ ಬಳಸಿಲ್ಲ, ಕೆಲಸದ ಹೊತ್ತಲ್ಲೂ ಮಾಡಿಲ್ಲ. ಊಟದ ಹೊತ್ತಲ್ಲಿ ಹೋಗ್ತಿದ್ದೆ."

"ಪಾಸ್‌ವರ್ಡ್ ಎಲ್ಲಿಂದ ಬಂತು?"

"ಡಾಕ್ಟರಮ್ಮನೇ ಹೇಳಿದ್ರು. ಆದ್ರೆ ಅದು ಬೇರೆ ಒಂದು ಲೇಖನಕ್ಕೆ ಮಾತ್ರ. ಇವು ಮೂರಕ್ಕೆ ಹೇಳಿರಲಿಲ್ಲ."

ನಿಧಾನಪ್ಪ ಬರೆದುಕೊಳ್ಳುತ್ತಿದ್ದರು. ಕರಡು ತಿದ್ದುವವರು ಅವರ ಪೆನ್ನು ನಿಲ್ಲುವ ತನಕ ಕಾದು, ಸಾಲಿಗೆ ಸಾಲು ಕೂಡಿಸಿದಂತೆ ಮುಂದುವರಿಸಿದರು. ಡಾಕ್ಟರಮ್ಮನವರ ಲೇಖನಗಳನ್ನು ಮೊದಲಿಂದಲೂ ತಿದ್ದಿದ್ದು ಇವರೇ. ಮುಖ ನೋಡಿರಲಿಲ್ಲ, ಫೋನಿನಲ್ಲೇ ಪರಿಚಯ. ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಆಕೆ ಒಂದು ದಿನ ಫೋನು ಮಾಡಿ, ಹಿಂದಿನ ವರ್ಷದ ಲೇಖನವೊಂದರ ಗಡುವು ಮುಗಿದಿದೆ, ನನಗೆ ಎದ್ದು ಕೂರಲು ಆಗುತ್ತಿಲ್ಲ, ನೀವು ಭಂಡಾರಕ್ಕೆ ಹಾಕಿ ಎಂದು ಕೇಳಿದ್ದರು. ಇವರಿಗೆ ಇಷ್ಟವಿರಲಿಲ್ಲ. ಆ ಭಂಡಾರ ತಮ್ಮಂಥವರ ಅನ್ನಕ್ಕೆ ಕಲ್ಲು ಹಾಕುತ್ತದೆ ಎಂದೇ ಇವರು ನಂಬಿದ್ದರು. ಗಡುವಿಗೆ ಮೊದಲೇ ಹಾಕಿದ ಲೇಖಕರಿಗೆ ಖಾರವಾಗಿ ಪತ್ರ ಬರೆಯುತ್ತಿದ್ದವರೂ ಇವರೇ. ಸಾಯುವವರ ಮಾತು ಮೀರಲಾಗದೆ, ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದರು.

"ಅವರು ಹೋಗಿ ನಾಲ್ಕು ತಿಂಗಳಿಗೆ ನನ್ನ ತಂಗಿಗೆ ಕಣಜ ಕಚ್ಚಿತು," ಎಂದರು.

ತಂಗಿ ಕಟ್ಟಡಗಳಿಗೆ ಬಣ್ಣ ಬಳಿಯುವವಳು. ದೂರದ ಸಣ್ಣ ಊರಲ್ಲಿ ನೀರಿನ ಟ್ಯಾಂಕಿಗೆ ಬಣ್ಣ ಬಳಿಯುವಾಗ ಟ್ಯಾಂಕಿನಡಿಯ ಗೂಡು ಕದಲಿ, ಹುಳುಗಳು ಮುಖ ಮೈ ನೋಡದೆ ಮುತ್ತಿಕೊಂಡಿದ್ದವು. ಅಲ್ಲಿನ ಆಸ್ಪತ್ರೆಯಲ್ಲಿ ಇದ್ದದ್ದು ಆಗಷ್ಟೇ ಓದು ಮುಗಿಸಿದ್ದ ವೈದ್ಯೆಯೊಬ್ಬಳು. ಅಂಥ ರೋಗಿಯನ್ನು ಅವಳು ಹಿಂದೆ ಕಂಡಿರಲಿಲ್ಲ. ಫೋನಿನಲ್ಲಿ ಹುಡುಕಿದಾಗ ಜರ್ನಲ್ಲಿನ ಪುಟ ಚಂದಾ ಕೇಳಿತು. ಅದರ ಕೆಳಗೇ ಭಂಡಾರದ ಪ್ರತಿ ತೆರೆದುಕೊಂಡಿತು. ಅದರಲ್ಲಿ ಹೇಳಿದಂತೆ ತಡಮಾಡದೆ ದ್ರವ ಏರಿಸಿ, ಮೂತ್ರ ಕಟ್ಟುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ತಂಗಿ ಉಳಿದಳು. ಅಣ್ಣ ಕೈಮುಗಿಯಲು ಹೋದಾಗ ವೈದ್ಯೆ, ನನಗಲ್ಲ, ಇವರಿಗೆ ಮುಗೀರಿ ಎಂದು ಮೇಜಿನ ಮೇಲಿದ್ದ ಹಾಳೆಗಳನ್ನು ತೋರಿಸಿದಳಂತೆ.

"ನೋಡಿದ್ರೆ ನಾನೇ ಹಾಕಿದ ಲೇಖನ. ಒಲ್ಲದ ಮನಸ್ಸಿಂದ ಹಾಕಿದ್ದು. ನಾನು ಅವತ್ತು ಆಗಲ್ಲ ಅಂದಿದ್ರೆ, ನಾನು ಕೆಲಸ ಮಾಡೋ ಜರ್ನಲ್ ನನ್ನ ತಂಗಿ ಹತ್ರ ದುಡ್ಡು ಕೇಳ್ತಾ ಕೂತಿರ್ತಿತ್ತು."

ಅಲ್ಲಿಂದ ಮುಂದೆ ಡಾಕ್ಟರಮ್ಮನವರ ಒಂದೊಂದು ಲೇಖನದ ಗಡುವು ಮುಗಿದಾಗಲೂ ಹೋಗಿ ಹಾಕಿದರು. ಮೇಷ್ಟ್ರನ್ನು ಕೇಳಬಹುದಿತ್ತಲ್ಲ, ಅವರು ಬರೆದುಕೊಟ್ಟಿದ್ದರೆ ಯಾವ ಕೇಸೂ ಇರುತ್ತಿರಲಿಲ್ಲ ಎಂದರು ಇನ್‌ಸ್ಪೆಕ್ಟರ್. ಕರಡು ತಿದ್ದುವವರು ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ಕೇಳೋಕೆ ಹೋಗಿದ್ರೆ ಕೊನೇ ಲೇಖನದ ಅಂಕಿ ವಿಷಯ ಹೇಳಬೇಕಾಗ್ತಿತ್ತು. ಹೇಳಬೇಡಿ ಅಂತ ಅವರು ಮಾತು ತಗೊಂಡಿದ್ರು."

ಹನ್ನೊಂದೂಮುಕ್ಕಾಲಿಗೆ ಬಂಧನದ ಮೆಮೊ ಬರೆದು, ಯಾರಿಗೆ ತಿಳಿಸಬೇಕು ಎಂದು ಕೇಳಿ, ಅವರು ಹೇಳಿದಂತೆ ತಂಗಿಗೆ ತಿಳಿಸಿದರು. ಸಂಪಾದಕರು ಬಾಗಿಲವರೆಗೂ ಬಂದು, ನಾಳೆ ಸಂಚಿಕೆ ಅಚ್ಚಿಗೆ ಹೋಗಬೇಕು, ಬೇಗ ಬಂದುಬಿಡು ಎಂದು ಸಿಡಿಮಿಡಿಗೊಂಡರು. ಅದು ಅವರ ಅಂತಃಕರಣದ ರೀತಿ ಎಂದು ನಿಧಾನಪ್ಪನವರಿಗೆ ಜೀಪು ಹತ್ತಿದ ಮೇಲೆ ಹೊಳೆಯಿತು.

ಮೇಷ್ಟ್ರನ್ನು ಮಧ್ಯಾಹ್ನ ಠಾಣೆಗೆ ಕರೆಸಿದರು. ಇನ್‌ಸ್ಪೆಕ್ಟರ್ ತಜ್ಞರ ಹೇಳಿಕೆಯನ್ನೂ ಅಚ್ಚಾದ ಪುಟವನ್ನೂ ಮುಂದಿಟ್ಟರು. ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು, ಪುಟದ ಅಂಚಿನಲ್ಲೇ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಪೆನ್ಸಿಲ್ ಕೆಳಗಿಟ್ಟರು.

"ನನ್ನ ಕಣ್ಣಿಗೆ ಬಿದ್ದಿಲ್ಲ," ಎಂದರು. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಆರೋಪಿಯ ಕಡೆ ತಿರುಗಿದರು. "ನೀವೇ ಕಂಡುಹಿಡಿದಿದ್ದಾ?"

"ಕರಡು ನೋಡುವಾಗ ಅನುಮಾನ ಬಂತು. ಫೋನ್ ಮಾಡಿದೆ. ಹೌದು, ಚುಕ್ಕೆ ಆಚೆ ಬಿದ್ದಿದೆ, ತಿದ್ದಿ ಅಂದ್ರು."

"ಇನ್ನೇನಂದಳು?"

ಕರಡು ತಿದ್ದುವವರು ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ಹೇಳಿ ಎಂಬಂತೆ ತಲೆಯಾಡಿಸಿದರು.

"ಮೇಷ್ಟ್ರಿಗೆ ಗೊತ್ತಾಗೋದು ಬೇಡ ಅಂದ್ರು. ನಾನು ಹಾಸಿಗೆ ಹಿಡಿದಾಗಿಂದ ರಾತ್ರಿ ನಿದ್ದೆ ಬಿಟ್ಟು ನೋಡ್ಕೊಳ್ತಿದಾರೆ, ಹಗಲು ಕೂತು ನನ್ನ ಲೆಕ್ಕ ನೋಡಿದಾರೆ. ಒಂದು ಚುಕ್ಕೆ ತಪ್ಪಿತು ಅಂತ ಗೊತ್ತಾದ್ರೆ ಜೀವಮಾನ ಪೂರ್ತಿ ಕೊರಗ್ತಾರೆ ಅಂದ್ರು. ಅದಕ್ಕೇ ಭಂಡಾರದ ಪ್ರತಿಯಲ್ಲೂ ಸುಮ್ಮನೆ ತಿದ್ದಿದೆ, ಟಿಪ್ಪಣಿ ಹಾಕಲಿಲ್ಲ. ತಪ್ಪಿರೋದನ್ನ ಹಾಗೇ ಬಿಡೋಕೆ ಕೈ ಬರಲಿಲ್ಲ ಸಾರ್."

ಮೇಷ್ಟ್ರ ಕಣ್ಣಿನಲ್ಲಿ ನೀರು ತುಂಬಿತು, ಆದರೆ ಮುಖದಲ್ಲಿ ನಗುವಿನ ಎಳೆಯೂ ಇತ್ತು. ಕಡೆಗೆ, ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಎಫ್‌ಐಆರ್ ಒಮ್ಮೆ ಆದರೆ ಹರಿದುಹಾಕುವಂತಿಲ್ಲ ಎಂದರು ಇನ್‌ಸ್ಪೆಕ್ಟರ್. ನ್ಯಾಯಾಲಯದಲ್ಲಿ ತಮ್ಮ ತಕರಾರಿಲ್ಲ ಎಂದು ಹೇಳಬಹುದು, ಸಾಮಾನ್ಯವಾಗಿ ಇಂಥದ್ದು ಅಲ್ಲಿಗೆ ಮುಗಿಯುತ್ತದೆ. ಹಾಗೇ ಹೇಳುತ್ತೇನೆ ಎಂದರು ಮೇಷ್ಟ್ರು. ಭಂಡಾರಕ್ಕೆ ಹೋಗದೆ ಉಳಿದಿರುವ ಹೆಂಡತಿಯ ಹಳೆಯ ಲೇಖನಗಳನ್ನು ಹಾಕಲು ವಾರಸುದಾರನಾಗಿ ತಾವೇ ಬರೆದುಕೊಡುವುದಾಗಿಯೂ, ಕಳಿಸುವ ಮೊದಲು ಕರಡು ತಿದ್ದುವವರು ಒಂದು ಸಲ ನೋಡಿಕೊಡಬೇಕೆಂದೂ ಸೇರಿಸಿದರು. ಗ್ರಂಥಪಾಲಕಿ ಅಷ್ಟರಲ್ಲಿ ಫೋನಿನಲ್ಲಿ ತಿಳಿಸಿದ್ದರು: ಆ ಸಣ್ಣ ಊರಿನ ಹುಡುಗಿಗೆ ಗಂಡಾಂತರ ಕಳೆದಿದೆ. ಇನ್‌ಸ್ಪೆಕ್ಟರ್ ಅದನ್ನೂ ಹೇಳಿದರು. ನಿಧಾನಪ್ಪ ಮೂಗು ಒರೆಸಿಕೊಂಡರು.

ಠಾಣೆಯ ಜಾಮೀನಿಗೆ ಒಬ್ಬರು ಶೂರಿಟಿ ಬೇಕಿತ್ತು. ನಾಲ್ಕೂವರೆ ಸುಮಾರಿಗೆ ತಂಗಿ ಬಂದಳು. ಕೆಲಸದ ಜಾಗದಿಂದ ಹಾಗೇ ಎದ್ದು ಬಂದಿದ್ದಳು. ಉಗುರುಸಂದಿಯಲ್ಲಿ ಹಳದಿ ಬಣ್ಣ, ಮೊಣಕೈ ಮೇಲೆ ಸುಣ್ಣದ ಪುಡಿ. ಅಣ್ಣ ಏನು ಮಾಡಿದ್ದಾನೆ ಎಂದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಕಾನ್‌ಸ್ಟೇಬಲ್ ತಿಳಿಸಿ ಹೇಳಿದಾಗ, ಅಣ್ಣಾ, ನೀನು ರಸ್ತೆ ದಾಟೋಕೂ ಹತ್ತು ಸಲ ಅತ್ತ ಇತ್ತ ನೋಡೋನು, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಬಿಟ್ಟೆಯಾ ಎಂದಳು. ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತು ಕೈ ಹಿಡಿದುಕೊಂಡಳು.

ನಿಧಾನಪ್ಪ ಬಾಂಡಿನ ಹಾಳೆ ಮುಂದಿಟ್ಟು ಎಲ್ಲಿ ಸಹಿ ಹಾಕಬೇಕು ಎಂದು ತೋರಿಸಿದರು. ಅವಳು ಕೈ ಸೀರೆಗೆ ಒರೆಸಿಕೊಂಡು ಸಹಿ ಮಾಡಿದಳು. ಎದುರಿನ ಕುರ್ಚಿಯಲ್ಲಿದ್ದ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಹೆಂಡತಿ ಬರೆದ ಕೋಷ್ಟಕಗಳಲ್ಲಿ ಅವರು ಸಾವಿರಾರು ಅಂಕಿ ಕಂಡಿದ್ದರು. ಅದರಿಂದ ಉಳಿದ ಜೀವವೊಂದು ಎದುರಿಗೆ ಬಂದು ನಿಂತದ್ದು ಇದೇ ಮೊದಲು. ಏನು ಕೇಳಬೇಕೆಂದು ತೋಚದೆ, ಹೆಂಡತಿ ತನ್ನ ರೋಗಿಗಳನ್ನು ಕೇಳುತ್ತಿದ್ದುದನ್ನೇ ಕೇಳಿದರು.

"ಈಗ ಉಚ್ಚೆ ಸಲೀಸಾಗಿ ಹೋಗ್ತಿದೆಯೇನಮ್ಮಾ?"

ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿ ನಗು ತಡೆದುಕೊಂಡಳು. ತಂಗಿಗೆ ಇವರು ಯಾರೆಂದು ಯಾರೂ ಹೇಳಿರಲಿಲ್ಲ. ಅಣ್ಣ ಅವಳ ಕಿವಿಯಲ್ಲಿ ಒಂದು ಮಾತು ಹೇಳಿದರು. ಅವಳು ಎದ್ದು ಬಂದು, ಬಣ್ಣದ ಕೈಯಲ್ಲೇ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡಳು.

"ಹೋಗ್ತಿದೆ ಮೇಷ್ಟ್ರೇ. ಚೆನ್ನಾಗೇ ಹೋಗ್ತಿದೆ," ಎಂದಳು.

ಮುಂದಿನ ವಾರ ಇನ್‌ಸ್ಪೆಕ್ಟರ್ ವರದಿ ಸಿದ್ಧಪಡಿಸಿದರು. ಅಪರಾಧದ ಪ್ರೇರಣೆ ಎಂಬಲ್ಲಿ ಸಾಮಾನ್ಯವಾಗಿ ಲೋಭ, ವೈಷಮ್ಯ, ಕುಡಿತ ಎಂದು ಬರೆಯುವುದು ಅವರಿಗೆ ರೂಢಿ. ಈ ಸಲ ಸ್ವಲ್ಪ ಯೋಚಿಸಿ, ಆರೋಪಿಯು ತನ್ನ ತಂಗಿಯ ಜೀವ ಉಳಿಸಿದ ಮೃತರ ಋಣ ತೀರಿಸಲು ಈ ಕೃತ್ಯ ಎಸಗಿರುವುದು ತನಿಖೆಯಿಂದ ತಿಳಿದುಬಂದಿದೆ ಎಂದು ಬರೆದು, ಮುದ್ರೆ ಒತ್ತಿ, ಕಡತವನ್ನು ನ್ಯಾಯಾಲಯಕ್ಕೆ ಕಳಿಸಿದರು.